ಇಪ್ಪತ್ಮೂರನೆಯ ಹಂತದಲ್ಲಿ ಇಲ್ಲದ ಸಾಲು

ಮೊಮ್ಮಗಳು ಹದಿನಾಲ್ಕು ಹಾಳೆ ತಂದು ನನ್ನ ಮುಂದೆ ಇಟ್ಟಾಗ ನಾನು ಜೋಳ ಹಸನು ಮಾಡುತ್ತಿದ್ದೆ.

"ಆಯಿ, ಇದರಾಗ ಹ್ಯಾಂಗ ಬರದೈತಿ ಹಂಗ ಒಂದೊಂದ ಮಾಡ್ಕೊಂತ ಹೋಗಬೇಕು ನೀ."

"ಏನೈತಿ ಇದರಾಗ?"

"ಕರ್ನಲ್ಲಿನ್ಯಾಗ ರಸ್ಟ್ ಹಚ್ಚೂದು."

"ನನಗ ತಿಳಿಯೂದಿಲ್ಲ."

"ಅದಕ್ಕ ನೀನ ಬೇಕು."

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಒಂದು ಸಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದೆ. ವಯಸ್ಸಾಯಿತೆಂದು ಬಿಡಿಸಿ ಎರಡು ತಿಂಗಳಾಗಿತ್ತು. ಗೋಡೆಯ ಮೇಲಿನ ಊಟದ ಪಟ್ಟಿ ಓದಿ, ಅಕ್ಕಿ ಬೇಳೆಯ ಲೆಕ್ಕ ಬರೆದು ಕನ್ನಡ ಗಟ್ಟಿಯಾಗಿತ್ತು. ಇಂಗ್ಲಿಷ್ ಅಕ್ಷರ ಎಣ್ಣೆ ಪಾಕೀಟಿನ ಮೇಲೆ ನೋಡಿ ಕಲಿತದ್ದು, ಅದೂ ದೊಡ್ಡ ಅಕ್ಷರ ಮಾತ್ರ. ಕಂಪ್ಯೂಟರಿನ ಮೇಲೆ ನಾನು ಅಲ್ಲಿಯವರೆಗೆ ಮಾಡಿದ ಕೆಲಸವೆಂದರೆ ಧೂಳು ಒರೆಸುವುದು.

ಮೊಮ್ಮಗಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಭಾಗ ಇರುತ್ತದೆ, ಅದು ಕರ್ನಲ್. ಕೀಲಿ ಒತ್ತಿದರೆ ಅಕ್ಷರ ಬರುವುದು, ಬರೆದದ್ದು ಉಳಿಯುವುದು, ಪರದೆ ಬೆಳಗುವುದು ಎಲ್ಲ ಅದರ ಕೈಯಿಂದ. ಲಿನಕ್ಸ್ ಎನ್ನುವ ಕರ್ನಲ್ಲನ್ನು ಜಗತ್ತಿನ ಸಾವಿರಾರು ಜನ ಕೂಡಿ ಬರೆಯುತ್ತಾರೆ, ಯಾರು ಬೇಕಾದರೂ ನೋಡಬಹುದು. ಅದನ್ನು ಮೊದಲಿನಿಂದಲೂ ಒಂದು ಹಳೆಯ ಭಾಷೆಯಲ್ಲಿ ಬರೆದಿದ್ದಾರೆ. ಆ ಭಾಷೆಯಲ್ಲಿ, ಒಮ್ಮೆ ಬಿಟ್ಟುಕೊಟ್ಟ ಜಾಗವನ್ನು ತಿಳಿಯದೆ ಮತ್ತೆ ತನ್ನದೆಂದು ಬಳಸಿದರೂ ತಡೆಯುವವರಿಲ್ಲ. ಆಗ ಯಂತ್ರ ನಿಲ್ಲುತ್ತದೆ, ಇಲ್ಲವೇ ಕಳ್ಳರು ನುಗ್ಗುತ್ತಾರೆ. ರಸ್ಟ್ ಹೊಸ ಭಾಷೆ. ಅದು ಅಂಥ ತಪ್ಪನ್ನು ಬರೆಯುವಾಗಲೇ ಹಿಡಿದು ನಿಲ್ಲಿಸುತ್ತದೆ. ಅದನ್ನು ಕರ್ನಲ್ಲಿನಲ್ಲಿ ಬಳಸಬಹುದೋ ಇಲ್ಲವೋ ಎಂದು ಪ್ರಯೋಗ ನಡೆದಿತ್ತು. ಆ ಪ್ರಯೋಗವನ್ನು ಮನೆಯ ಯಂತ್ರದಲ್ಲಿ ಮಾಡಿ ನೋಡುವುದು ಹೇಗೆಂದು ಇವಳು ಕನ್ನಡದಲ್ಲಿ ಬರೆದಿದ್ದಳು. ಒಟ್ಟು ನಲವತ್ತೊಂದು ಹಂತ.

ಕರ್ನಲ್ಲಿನ ಜೊತೆಗಿರುವ ಕೈಪಿಡಿಗೆ ಇಂಥ ಪುಟಗಳನ್ನು ಸೇರಿಸಿಕೊಳ್ಳುವ ಹಿರಿಯರೊಬ್ಬರು ದೂರದೇಶದಲ್ಲಿದ್ದರು. ಅವರಿಗೆ ಕನ್ನಡ ಬಾರದು. ಅದಕ್ಕೆ ಅವರು ಒಂದು ಷರತ್ತು ಹಾಕಿದ್ದರು. ಬರೆದವಳಲ್ಲದ ಇನ್ನೊಬ್ಬರು, ಬರೆದವಳು ಮುಟ್ಟದ ಇನ್ನೊಂದು ಯಂತ್ರದಲ್ಲಿ, ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿ ತಮ್ಮ ಹೆಸರು ಕೊಡಬೇಕು. ಆ ಪುಟ ಸೇರಿದರೆ ಇವಳಿಗೆ ಆರು ತಿಂಗಳ ಕಲಿಕೆಯ ಜಾಗ ಸಿಗುತ್ತಿತ್ತು, ಮನೆಯಲ್ಲೇ ಕೂತು ಮಾಡುವಂಥದ್ದು, ಪಗಾರವೂ ಇತ್ತು. ಸೇರದಿದ್ದರೆ ಒಂದನೆಯ ತಾರೀಖಿಗೆ ಮೂಡಲಗಿಯ ಒಂದು ಪತ್ತಿನ ಸಂಘದಲ್ಲಿ ಕ್ಲಾರ್ಕಳಾಗಿ ಹಾಜರಾಗಬೇಕೆಂದು ನನ್ನ ಮಗ, ಅಂದರೆ ಅವಳ ಅಪ್ಪ, ಮಾತು ಕೊಟ್ಟು ಬಂದಿದ್ದ. ಗೋಕಾಕದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತವಳಿಗೆ ಪಾಸ್‌ಬುಕ್ಕಿನ ಕೆಲಸ ಬೇಕಿರಲಿಲ್ಲ.

"ನಿನ್ನ ಗೆಳತ್ಯಾರ್ನ ಕೇಳ."

"ಅವರಿಗೆ ಅರ್ಧಾ ಗೊತ್ತೈತಿ ಆಯಿ. ಗೊತ್ತಿದ್ದವರು ನಾ ಬಿಟ್ಟಿದ್ದನ್ನ ತಾವ ತುಂಬಕೊಂಡ ಮುಂದ ಹೋಗ್ತಾರ. ನೀ ತುಂಬೂದಿಲ್ಲ."

ಆ ಮಾತು ಸರಿ ಅನ್ನಿಸಿತು. ಒಪ್ಪಿದೆ.

ಮೊದಲು ಬೇಕಾದದ್ದು ಯಂತ್ರ. ಅಣ್ಣನ ಮಗನದು ಹುಕ್ಕೇರಿಯಲ್ಲಿ ಝೆರಾಕ್ಸ್ ಅಂಗಡಿ ಇದೆ. ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹೋದೆ. ಬಳಸದೆ ಇಟ್ಟ ಹಳೆಯ ಲ್ಯಾಪ್‌ಟಾಪ್ ಒಂದು ಅವನ ಹತ್ತಿರ ಇತ್ತು. ಬರಿದು ಮಾಡಿ ಲಿನಕ್ಸ್ ಹಾಕಿಕೊಟ್ಟ. ಪುಟದ ಮೊದಲ ಹಂತ ಅಲ್ಲಿಂದಲೇ ಶುರುವಾಗುತ್ತಿತ್ತು.

"ಅತ್ತಿ, ಈ ವಯಸ್ಸಿನ್ಯಾಗ ಲ್ಯಾಪ್‌ಟಾಪ್ ಯಾಕ್ರಿ? ಆನ್‌ಲೈನಿನ್ಯಾಗ ವರಾ ನೋಡೀರೇನು?"

"ನೋಡೇನಿ. ವರದಕ್ಷಿಣಿ ಅಂತ ಇದನ್ನ ಒಯ್ಯಾಕತ್ತೇನಿ. ಗಟ್ಟಿ ಕಟ್ಟು."

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಯಂತ್ರ ತೆರೆಯದೆ, ಹದಿನಾಲ್ಕೂ ಹಾಳೆ ಓದಿದೆ. ಅಡುಗೆಗೆ ನಿಲ್ಲುವ ಮೊದಲು ಏನೇನು ಬೇಕೆಂದು ನೋಡಿಕೊಳ್ಳುವುದು ರೂಢಿ. ಒಂಬತ್ತನೆಯ ಹಾಳೆಯ ಕೆಳತುದಿಗೆ ಬಂದಾಗ ಒಂದು ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ. 'ಈ ಬೆಂಬಲ ಇನ್ನೂ ಪ್ರಯೋಗದ ಹಂತದಲ್ಲಿದೆ. ದಿನಬಳಕೆಯ ಯಂತ್ರದಲ್ಲಿ ಇದನ್ನು ಮಾಡಬೇಡಿ' ಎಂದು ಬರೆದಿತ್ತು.

"ಏನ ನೀನು, ಒಂಬತ್ತ ಹಾಳಿ ದುಡಿಸ್ಕೊಂಡು ಆಮ್ಯಾಲ ಬ್ಯಾಡ ಅಂತೀಯಲ್ಲ?"

"ಮೊದಲ ಹಾಕಿದ್ರ ಮಂದಿ ಅಂಜ್ತಾರ ಆಯಿ."

"ಅಂಜೂವಂಥಾದ್ದಿದ್ರ ಅಂಜಬೇಕು. ಇದು ಮೊದಲನೇ ಹಾಳಿಗೆ ಹೋಗಬೇಕು, ಮೊದಲನೇ ಸಾಲಿಗೆ."

ಅವಳು ಬಾಯಿ ಉಬ್ಬಿಸಿಕೊಂಡು ತಿದ್ದಿದಳು. ನಾನು ಹುಕ್ಕೇರಿಗೆ ಫೋನು ಹಚ್ಚಿದೆ.

"ಏನೋ, ಈ ಡಬ್ಬಿಯೊಳಗ ನಿಂದೇನರ ಐತೇನು?"

"ಏನಿಲ್ರಿ ಅತ್ತಿ, ಎಲ್ಲಾ ತಗದೇನಿ. ಯಾಕ್ರಿ?"

"ಕೆಡಬಹುದಂತ."

"ಕೆಡಲಿ ಬಿಡ್ರಿ. ಚಾರ್ಜರ್ ಅಷ್ಟ ಜ್ವಾಕಿ, ಅದು ಹೊಸಾದೈತಿ."

ಕೆಲಸದ ನಿಯಮ ನಾನೇ ಹಾಕಿದೆ. ನಾನು ಪಡಸಾಲೆಯಲ್ಲಿ, ಅವಳು ಅಡುಗೆಮನೆಯಲ್ಲಿ. ನನ್ನ ಯಂತ್ರ ಅವಳು ಮುಟ್ಟಕೂಡದು, ಬಾಗಿಲಿಂದ ಇಣುಕಿ ಹೇಳಿಕೊಡಕೂಡದು. ನಾನು ಸಿಕ್ಕಿಬಿದ್ದರೆ ಅವಳು ಹಾಳೆ ತಿದ್ದಬೇಕು, ಆ ತಿದ್ದಿದ ಹಾಳೆ ನೋಡಿ ನಾನು ಮುಂದೆ ಹೋಗಬೇಕು. ಆದ ಹಂತಕ್ಕೆ ಪೆನ್ಸಿಲಿನಿಂದ ಗೀಟು.

ಮೊದಲ ದಿನ ಮೂರು ಹಂತ ಆದವು. ಕೀಲಿಗಳ ಮೇಲೆ ದೊಡ್ಡ ಅಕ್ಷರ, ಹಾಳೆಯಲ್ಲಿ ಸಣ್ಣ ಅಕ್ಷರ. ಎರಡೂ ಒಂದೇ ಎಂದು ನನಗೆ ಯಾರು ಹೇಳಬೇಕು? ಒಂದು ರಟ್ಟಿನ ಮೇಲೆ ದೊಡ್ಡದು ಸಣ್ಣದು ಜೋಡಿ ಜೋಡಿ ಬರೆಸಿಕೊಂಡೆ.

"ಇದನ್ನೂ ಪುಟದಾಗ ಸೇರಸು."

"ಕರ್ನಲ್ ಕಟ್ಟೂ ಮಂದಿಗೆ ಎಬಿಸಿಡಿ ಬರತೈತಿ ಆಯಿ."

"ನನಗ ಬರೂದಿಲ್ಲಲ್ಲ?"

"ನೀ ಒಬ್ಬಾಕಿ."

ಅದನ್ನು ಬಿಟ್ಟುಕೊಟ್ಟೆ. ಎರಡನೆಯ ದಿನ ಒಂದು ಉದ್ದ ಗೀಟನ್ನು ಅಂಕಿ ಒಂದು ಎಂದು ತಿಳಿದು ಹೊಡೆದೆ, ಅದು ಸಣ್ಣ ಎಲ್ ಅಕ್ಷರವಾಗಿತ್ತು. ಇಡೀ ದಿನ ಯಂತ್ರ 'ಸಿಗಲಿಲ್ಲ, ಸಿಗಲಿಲ್ಲ' ಎಂದೇ ಹೇಳಿತು. ಹಾಳೆಯ ಅಕ್ಷರದ ಮಾದರಿ ಬದಲಿಸಿ ಮತ್ತೆ ಮುದ್ರಿಸಿಕೊಟ್ಟಳು. ಆಗ ಎರಡೂ ಬೇರೆ ಬೇರೆ ಕಂಡವು. ಇದು ಪುಟದಲ್ಲೂ ಉಳಿಯಿತು.

ಐದನೆಯ ದಿನದ ಹೊತ್ತಿಗೆ ಬೇಕಾದ ಸಲಕರಣೆಯೆಲ್ಲ ಇಳಿದಿತ್ತು. ರಸ್ಟಿನಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್, ರಸ್ಟಿನ ಮೂಲ ಬರಹ, ಹಳೆಯ ಭಾಷೆಯನ್ನು ಹೊಸದಕ್ಕೆ ಹೊಂದಿಸಿ ಕೊಡುವ ಇನ್ನೊಂದು ಸಾಧನ. ಕರ್ನಲ್ಲಿನ ಮೂಲ ಬರಹ ಇಳಿಯಲು ಫೋನಿನ ನೆಟ್ಟಿನಲ್ಲಿ ಒಂದು ಪೂರ್ತಿ ಮಧ್ಯಾಹ್ನ ಹೋಯಿತು. ಇಪ್ಪತ್ತೊಂದನೆಯ ಹಂತದಲ್ಲಿ, ಎಲ್ಲ ಸಲಕರಣೆ ಸರಿ ಇದೆಯೋ ಎಂದು ಯಂತ್ರವನ್ನೇ ಕೇಳಬೇಕು. ಕೇಳಿದೆ. 'ರಸ್ಟ್ ಈಸ್ ಅವೇಲಬಲ್' ಎಂದಿತು. ಹಾಳೆಯಲ್ಲಿದ್ದ ಸಾಲಿಗೆ ಅಕ್ಷರಕ್ಕೆ ಅಕ್ಷರ ಹಚ್ಚಿ ನೋಡಿ ಗೀಟು ಎಳೆದೆ. ಗೀಟಿನ ಸಪ್ಪಳ ಕೇಳಿತೋ ಏನೋ, ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಬಂತಾ?"

"ಬಂತು. ಹೋಗ ಒಳಗ."

ಇಪ್ಪತ್ಮೂರನೆಯ ಹಂತ ಹೀಗಿತ್ತು: ಕರ್ನಲ್ಲಿನಲ್ಲಿ ಏನೇನು ಬೇಕೆಂದು ಆರಿಸುವ ನೀಲಿ ಪರದೆಯ ಪಟ್ಟಿಯಲ್ಲಿ ಮೊದಲ ಸಾಲನ್ನು ತೆರೆಯಿರಿ, ಕೆಳಗೆ ಹೋಗಿ, 'ರಸ್ಟ್ ಸಪೋರ್ಟ್' ಎಂಬ ಸಾಲಿನ ಮೇಲೆ ನಿಂತು ವೈ ಒತ್ತಿ. ನಾನು ಪಟ್ಟಿ ತೆರೆದು ಬಾಣದ ಕೀಲಿ ಒತ್ತುತ್ತಾ ಕೆಳಗೆ ಹೋದೆ. ತಳ ಮುಟ್ಟಿತು. ಆ ಸಾಲು ಇಲ್ಲ. ಮೇಲಿಂದ ಮತ್ತೆ ಬಂದೆ. ಇಲ್ಲ. ರಟ್ಟು ಹಿಡಿದು ಒಂದೊಂದು ಸಾಲಿನ ಮೊದಲ ಅಕ್ಷರ ನೋಡುತ್ತಾ ಮೂರನೆಯ ಸಲ ಬಂದೆ.

"ಏ, ಇಲ್ಲೆ ಅದು ಇಲ್ಲ."

"ಐತಿ ಆಯಿ. ಕೆಳಗ ನೋಡು."

"ಕೆಳಗ ನೆಲಾ ಐತಿ. ಸಾಲ ಇಲ್ಲ."

"ನೀ ಬ್ಯಾರೆ ಪಟ್ಟಿ ತಗದಿರಬೇಕು. ತಾ ಇಲ್ಲೆ."

ಕೈ ಚಾಚಿದಳು. ಕೈಗೆ ಹೊಡೆದೆ. ಆಗ ಒಳಗಿನಿಂದ ತನ್ನ ಲ್ಯಾಪ್‌ಟಾಪ್ ತಂದು ನನ್ನದರ ಬಾಜೂ ಇಟ್ಟು ಅದೇ ಪಟ್ಟಿ ತೆರೆದಳು. ಅವಳದರಲ್ಲಿ ಆ ಸಾಲು ಢಾಳಾಗಿ ಕೂತಿತ್ತು. ನನ್ನದರಲ್ಲಿ ಆ ಜಾಗದ ಮೇಲಿನ ಸಾಲು ಇತ್ತು, ಕೆಳಗಿನ ಸಾಲು ಇತ್ತು, ನಡುವಿನದು ಇರಲಿಲ್ಲ. ಅದೇ ಮೂಲ ಬರಹ, ಅದೇ ಹಾಳೆ. ಯಂತ್ರವೇ ತನ್ನ ಬಾಯಿಂದ ರಸ್ಟ್ ಇದೆ ಎಂದು ಹೇಳಿ ಅರ್ಧ ತಾಸು ಕೂಡ ಆಗಿರಲಿಲ್ಲ. ಇಬ್ಬರೂ ಬೆಪ್ಪಾಗಿ ನೋಡುತ್ತಾ ಕೂತೆವು.

ಅವಳ ಮುಖ ಸುಣ್ಣ ಬಳಿದಂತಾಗಿತ್ತು. ಒಂದು ಸಾಲು ಕಾಣಲಿಲ್ಲವೆಂದು ಇಷ್ಟೇಕೆ?

"ತಪ್ಪ ಸಿಕ್ಕತಿ, ತಿದ್ದು. ಅದಕ್ಕಲ್ಲಾ ನಾ ಕುಂತಿದ್ದು?"

ಅವಳು ನೆಲದ ಮೇಲೆ ಕುಕ್ಕರಿಸಿದಳು.

"ಕಳಿಸೇನಿ ಆಯಿ."

"ಏನ ಕಳಿಸಿದಿ?"

"ಪುಟಾ. ಮೊನ್ನೆ. ನೀ ಎಲ್ಲಾ ಮಾಡಿ ನೋಡೀದಿ ಅಂತ ಬರದ ಕಳಿಸೇನಿ."

ನನಗೆ ಮೊದಲು ತಿಳಿಯಲೇ ಇಲ್ಲ. ತೋರಿಸು ಎಂದೆ. ತೋರಿಸಿದಳು. ಅವಳು ಕಳಿಸಿದ ಪತ್ರದ ಕೆಳಗೆ ಒಂದು ಸಾಲು. ಇಂಥವರು ಪರೀಕ್ಷಿಸಿದ್ದಾರೆ ಎಂದು ಆ ಜನ ಬರೆಯುವ ಪದ್ಧತಿಯಂತೆ. ಅದರ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ನನ್ನ ಹೆಸರು, ನನ್ನ ಗಂಡನ ಮನೆತನದ ಹೆಸರು, ಅದರ ಮುಂದೆ ನನ್ನದೆಂದು ಒಂದು ಈಮೇಲ್ ವಿಳಾಸ. ನನಗೆ ಅಂಥ ವಿಳಾಸ ಇದೆಯೆಂದು ನನಗೇ ಗೊತ್ತಿರಲಿಲ್ಲ. ಇವಳೇ ಮಾಡಿದ್ದಳು. ಅದರ ಕೆಳಗೆ ಹಿರಿಯರ ಉತ್ತರವೂ ಬಂದಿತ್ತು. ನಿಜವಾದ ಓದುಗರೊಬ್ಬರು ಕೊನೆಯವರೆಗೆ ಮಾಡಿ ನೋಡಿದ್ದು ಸಂತೋಷ, ಸೇರಿಸಿಕೊಳ್ಳುತ್ತೇನೆ ಎಂದು.

ಮೊನ್ನೆ ಎಂದರೆ ನಾನು ಹದಿನೇಳನೆಯ ಹಂತದಲ್ಲಿದ್ದೆ. ಇಲ್ಲಿ ನಾನು ರಟ್ಟು ಹಿಡಿದು ಅಕ್ಷರ ಹುಡುಕುತ್ತಿದ್ದಾಗ, ಅಲ್ಲಿ ನಾನು ನಲವತ್ತೊಂದನ್ನೂ ಮುಗಿಸಿ ಎಲ್ಲ ಸರಿ ಇದೆ ಎಂದು ಹೇಳಿ ಎದ್ದಾಗಿತ್ತು.

"ಯಾಕ ಹಿಂಗ ಮಾಡಿದಿ?"

"ತಾರೀಖ ಮುಗಿತಿತ್ತು. ನನ್ನ ಯಂತ್ರದಾಗ ಎಲ್ಲಾ ಸರಿ ಬಂದಿತ್ತು. ನಿಂದರಾಗೂ ಬಂದ ಬರತೈತಿ ಅನ್ಕೊಂಡೆ. ಬರೇ ನಿನ್ನ ಕೈ ಸಾವಕಾಶ ಅಂತ..." ಮಾತು ನುಂಗಿದಳು. "ಈಗೇನೂ ಆಗಿಲ್ಲ ಆಯಿ. ಯಾಕ ಕಾಣವಲ್ದು ಅಂತ ಹುಡುಕಿ, ಆ ಪುಟಾ ಸೇರಿದ ಮ್ಯಾಲ ಸಣ್ಣ ತಿದ್ದುಪಡಿ ಕಳಿಸ್ತೇನಿ. ಎಲ್ಲಾರೂ ಹಂಗ ಕಳಿಸ್ತಾರ. ಯಾರಿಗೂ ಗೊತ್ತಾಗೂದಿಲ್ಲ."

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ಖರೆ. ಅದು ನನ್ನಷ್ಟು ಯಾರಿಗೂ ಗೊತ್ತಿಲ್ಲ.

ಸಾಲೆಯ ಅಡುಗೆಮನೆಯಲ್ಲಿ ರುಚಿ ನೋಡಿದ ರಿಜಿಸ್ಟರ್ ಎಂದು ಒಂದು ಇರುತ್ತದೆ. ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವಳು ತಿಂದು ನೋಡಬೇಕು, ಒಬ್ಬ ಮಾಸ್ತರರು ತಿಂದು ನೋಡಬೇಕು, ವೇಳೆ ಬರೆದು, ರುಚಿ ಹೇಗಿದೆ ಎಂದು ಬರೆದು ಸಹಿ ಮಾಡಬೇಕು. ನಾನು ಸೋಮವಾರ ಬೆಳಿಗ್ಗೆಯೇ ಶನಿವಾರದವರೆಗೆ ಬರೆದಿಡುತ್ತಿದ್ದೆ. ಆರು ದಿನದ 'ಚೆನ್ನಾಗಿದೆ', ಆರು ಸಹಿ. ಮೂರು ಒಲೆ ಉರಿಯುವಾಗ ಪೆನ್ನು ಹಿಡಿಯಲು ಪುರಸೊತ್ತು ಎಲ್ಲಿ? ಎಲ್ಲರೂ ಹಾಗೇ ಮಾಡುತ್ತಾರೆಂದು ನಾನೂ ಹೇಳುತ್ತಿದ್ದೆ. ಒಂದು ಗುರುವಾರ ಸಾರಿಗೆ ನಾನು ಉಪ್ಪು ಹಾಕಿದೆ, ಹಾಕಿಲ್ಲವೆಂದು ತಿಳಿದು ನನ್ನ ಜೊತೆಯವಳೂ ಹಾಕಿದಳು. ಇಬ್ಬರೂ ನಾಲಿಗೆಗೆ ಹಚ್ಚಲಿಲ್ಲ. ಮಕ್ಕಳು ಉಂಡು ಎದ್ದ ಮೇಲೆ ಉಳಿದ ಸಾರನ್ನು ನಾನು ಅನ್ನಕ್ಕೆ ಹಾಕಿಕೊಂಡೆ, ಬಾಯಲ್ಲಿ ಇಡಲು ಆಗಲಿಲ್ಲ. ದೊಡ್ಡ ಮಕ್ಕಳು ಚೆಲ್ಲಿದ್ದರು. ಒಂದನೆಯ ಇಯತ್ತೆಯ ಒಂದು ಹುಡುಗಿಯ ತಾಟು ಮಾತ್ರ ಬರಿದಾಗಿತ್ತು. ಅವಳು ನಳದ ಹತ್ತಿರ ನಿಂತು ನೀರು ಕುಡಿಯುತ್ತಿದ್ದಳು, ಕುಡಿಯುತ್ತಲೇ ಇದ್ದಳು. ನಾನು ಹೋಗಿ ರಿಜಿಸ್ಟರ್ ತೆರೆದೆ. ಗುರುವಾರ, ಚೆನ್ನಾಗಿದೆ, ನನ್ನ ಸಹಿ. ಯಾರೂ ಕೇಳಲಿಲ್ಲ. ಇಂದಿನವರೆಗೂ ಕೇಳಿಲ್ಲ. ಆ ಶುಕ್ರವಾರದ ಮತ್ತು ಶನಿವಾರದ ಸಹಿಗೆ ಗೀಟು ಹೊಡೆದೆ. ಅಂದಿನಿಂದ ಮುಂಚಿತವಾಗಿ ಬರೆಯಲಿಲ್ಲ. ಗುರುವಾರದ್ದನ್ನು ಮಾತ್ರ ಹಾಗೇ ಬಿಟ್ಟೆ. ಹೆದರಿದ್ದೆ.

ಇದನ್ನು ಮೊಮ್ಮಗಳಿಗೆ ಆ ಮಧ್ಯಾಹ್ನ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಅದು ಊಟ ಆಯಿ. ಇದು ಹಾಳಿ."

"ಈ ಹಾಳಿ ಹಿಡ್ಕೊಂಡು ನನ್ನಂಥಾಕಿ ಯಾವಾಕೀನೋ ಕುಂದರತಾಳ. ಮೂರ ದಿನಾ ಹುಡಕತಾಳ. ಸಾಲ ಸಿಗೂದಿಲ್ಲ. ಕೆಳಗ ನನ್ನ ಹೆಸರ ನೋಡತಾಳ. ಈ ಮುದುಕಿಗೆ ಸಿಕ್ಕತಂತ, ನನಗ ಸಿಗವಲ್ದು, ನಾನ ದಡ್ಡಿ ಅನ್ಕೊಂಡ ಮುಚ್ಚಿಡತಾಳ. ಹೌದಲ್ಲ?"

ಅಷ್ಟರಲ್ಲಿ ಮಗ ಹೊಲದಿಂದ ಬಂದ. ವಿಷಯ ಕೇಳಿ, ಹೊಸ್ತಿಲ ಮೇಲೆ ಕೂತು ಕಾಲಿನ ಮಣ್ಣು ಕೆರೆದುಕೊಳ್ಳುತ್ತಾ ನ್ಯಾಯ ಹೇಳಿದ.

"ಬಿಡವಾ, ಒಂದ ಹೆಸರ ತಾನ? ಅಷ್ಟ ದೂರ ನಿನ್ನ ಹೆಸರ ಯಾರ ನೋಡ್ತಾರ?"

"ನೋಡ್ತಾರಂತನ ಹಾಕ್ಯಾಳ. ನೋಡದಿದ್ರ ಯಾಕ ಹಾಕ್ತಿದ್ಲು?"

"ಹುಡುಗಿ ಜೀವನದ ಪ್ರಶ್ನಿ ಐತಿ."

"ಹೌದು. ಜೀವನಾ ಪೂರ್ತಿ ಹಿಂಗ ಬರಿಯಾಕಿ ಆಗ್ತಾಳ."

ಅವನು ಚಹಾ ಕೂಡ ಕುಡಿಯದೆ ಎದ್ದು ಹೋದ. ನಾನು ಮೊಮ್ಮಗಳಿಗೆ ಹೇಳಿದೆ: ಈಗ ಬರಿ, ನಾನು ಹೇಳಿದಂತೆ ಬರಿ.

"ಬರದ್ರ ಆ ಜಾಗಾ ಹೋಗತೈತಿ. ತಿಳೀತೈತಿಲ್ಲೋ ನಿನಗ?"

"ತಿಳೀತೈತಿ."

"ಮೂಡಲಗಿಗೆ ನೀ ಹೋಗೂದಿಲ್ಲ. ನಾ ಹೋಗೂದು."

ಅವಳ ಜಾಗ, ಅವಳ ವರ್ಷಗಳು. ಆದರೆ ಹೆಸರು ನನ್ನದು. ನನ್ನ ಹೆಸರನ್ನು ಹಿಂದಕ್ಕೆ ಕೇಳುವುದಕ್ಕೆ ಅವಳ ಅಪ್ಪಣೆ ಬೇಕಿರಲಿಲ್ಲ. ಅದನ್ನೇ ಹೇಳಿದೆ. ನೀನು ಬರೆಯದಿದ್ದರೆ ನಾಳೆ ಹುಕ್ಕೇರಿಗೆ ಹೋಗಿ ಅಣ್ಣನ ಮಗನ ಕೈಯಲ್ಲಿ ಬರೆಸುತ್ತೇನೆ ಎಂದೆ.

ಅವಳು ಕಣ್ಣು ಒರೆಸಿಕೊಂಡು ಬರೆದಳು. ನಾನು ಹೇಳಿದ್ದು ನಾಲ್ಕು ಮಾತು. ಕೆಳಗಿರುವ ಹೆಸರು ನನ್ನದು. ಆ ಹೆಸರು ಹಾಕಿದ ದಿನ ನಾನು ಹದಿನೇಳರಲ್ಲಿದ್ದೆ. ಇಂದು ಇಪ್ಪತ್ಮೂರರಲ್ಲಿ ಸಿಕ್ಕಿಬಿದ್ದಿದ್ದೇನೆ, ಹಾಳೆಯಲ್ಲಿರುವ ಸಾಲು ನನ್ನ ಪರದೆಯಲ್ಲಿ ಇಲ್ಲ. ನನ್ನ ಹೆಸರು ತೆಗೆಯಿರಿ. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಒಂದೊಂದೇ ಮಾತಾಗಿ ಕನ್ನಡಕ್ಕೆ ತಿರುಗಿಸಿ ಹೇಳಿಸಿಕೊಂಡೆ. ಕೊನೆಯಲ್ಲಿ ನಾನು ಹೇಳದ ಒಂದು ಮಾತಿತ್ತು.

"ಇದೇನ?"

"ನಾ ಹಾಕಿದ್ದು. ಹೆಸರ ಹಾಕಿದಾಕಿ ನಾನು, ಆಯಿಗೆ ಗೊತ್ತಿರ್ಲಿಲ್ಲ ಅಂತ."

"ಇರ್ಲಿ."

ಕಳಿಸಿದಳು. ಅವತ್ತು ಅವಳು ಉಣ್ಣಲಿಲ್ಲ.

ಬೈಗುಳ ಬರುತ್ತದೆ ಎಂದು ಕಾದಿದ್ದೆ. ಮರುದಿನ ಮಧ್ಯಾಹ್ನ ಉತ್ತರ ಬಂತು. ಪುಟವನ್ನು ಹೊರಗಿಟ್ಟಿದ್ದೇನೆ. ಮಾಡಿ ನೋಡದವರ ಹೆಸರು ಹಾಕುವುದು ತಪ್ಪು, ಇನ್ನೊಮ್ಮೆ ಆದರೆ ನಿಮ್ಮ ಪತ್ರ ಓದುವುದಿಲ್ಲ. ಸರಿಪಡಿಸಿ ಮುಂದಿನ ಸುತ್ತಿಗೆ ಕಳಿಸಿ. ಇಷ್ಟು ಅವಳಿಗೆ. ಅದರ ಕೆಳಗೆ ನನಗೆ ಒಂದು ಸಾಲು ಇತ್ತು: ಇಪ್ಪತ್ಮೂರರಲ್ಲಿ ನಿಮಗೆ ಏನು ಕಂಡಿತು, ಪರದೆಯ ಫೋಟೋ ಕಳಿಸುವಿರಾ?

ಅದು ನನಗೆ ಬೈಗುಳಕ್ಕಿಂತ ದೊಡ್ಡ ಧಕ್ಕೆ. ಅಡುಗೆಮನೆಯಲ್ಲಿ ಕಳೆದ ಅಷ್ಟು ವರ್ಷ ನನ್ನನ್ನು ಕೇಳಿದ್ದು ಆಯಿತೋ ಇಲ್ಲವೋ ಎಂದು. ಏನು ಕಂಡಿತು ಎಂದು ಯಾರೂ ಕೇಳಿರಲಿಲ್ಲ. ಫೋಟೋ ತೆಗೆದು ಕಳಿಸಿದೆವು.

ಮುಂದಿನ ಸುತ್ತು ಎಂದರೆ ಎರಡು ತಿಂಗಳಿಗೂ ಮಿಕ್ಕಿ. ಕಲಿಕೆಯ ಜಾಗದವರು ಅಷ್ಟು ದಿನ ಕಾಯುವುದಿಲ್ಲ. ವಾರದೊಳಗೆ ಅವರ ಪತ್ರವೂ ಬಂತು, ಈ ಸಲ ಆಗುವುದಿಲ್ಲ ಎಂದು. ಮೊಮ್ಮಗಳು ಅದನ್ನು ಓದಿ ನನಗೆ ತೋರಿಸಿ, ಮುಚ್ಚಿ, ನೀರು ತರಲು ಹೋದಳು.

ಹಾಗೆಂದು ಕೆಲಸ ನಿಲ್ಲಿಸಲಿಲ್ಲ. ಹಂತದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ಅಷ್ಟೇ. ಆ ಪಟ್ಟಿಯಲ್ಲಿ ಓರೆಗೀಟಿನ ಕೀಲಿ ಒತ್ತಿ ರಸ್ಟ್ ಎಂದು ಬರೆದರೆ, ಆ ಸಾಲು ಯಾವ ಯಾವುದನ್ನು ನೆಚ್ಚಿದೆ ಎಂದು ತೋರಿಸುತ್ತದಂತೆ. ನನ್ನ ಯಂತ್ರದಲ್ಲಿ ನಾನೇ ಒತ್ತಿದೆ. ಐದಾರು ಹೆಸರು ಬಂದವು. ಎಲ್ಲದರ ಎದುರಿಗೂ ವೈ, ಅಂದರೆ ಚಾಲೂ. ಅವಳು ದೂರ ನಿಂತು ಬಗ್ಗಿ ನೋಡಿದಳು.

"ಎಲ್ಲಾ ವೈ ಐತಿ. ಮತ್ತ್ಯಾಕ ಕಾಣವಲ್ದು?"

ನಾನು ರಟ್ಟಿನ ತುದಿಯಿಂದ ಒಂದೊಂದೇ ಹೆಸರು ಸರಿಸುತ್ತಾ ಹೋದೆ.

"ಇದೊಂದರ ಮುಂದ ಈ ಕಡ್ಡಿ, ಕೆಳಗೊಂದ ಚುಕ್ಕಿ, ಯಾಕೈತಿ? ಉಳದಾವಕ್ಕಿಲ್ಲ."

ಅವಳು ಹಣೆಗೆ ಹೊಡೆದುಕೊಂಡಳು. ಆ ಗುರುತು ಇದ್ದ ಹೆಸರು ಚಾಲೂ ಇರಬಾರದು ಎಂದು ಅರ್ಥವಂತೆ. ಅದು ಕರ್ನಲ್ಲಿಗೆ ಆಮೇಲೆ ಸೇರಿಸುವ ತುಂಡುಗಳ, ಅಂದರೆ ಮಾಡ್ಯೂಲುಗಳ, ಆವೃತ್ತಿ ತಾಳೆ ನೋಡುವ ಒಂದು ಸೌಲಭ್ಯ. ಅವಳು ಬಳಸುತ್ತಿದ್ದ ಕರ್ನಲ್ಲಿನಲ್ಲಿ ಅದು ಚಾಲೂ ಇದ್ದರೆ ರಸ್ಟಿನ ಸಾಲು ಪರದೆಗೇ ಬರುತ್ತಿರಲಿಲ್ಲ. ಯಂತ್ರದ ಜೊತೆ ಬಂದ ಹೊಂದಿಕೆಯಲ್ಲಿ ಅದು ಚಾಲೂ ಇರುತ್ತದೆ. ಇವಳು ತನ್ನದರಲ್ಲಿ ಯಾವಾಗಲೋ ಅದನ್ನು ಬಂದ್ ಮಾಡಿದ್ದಳು. ಮಾಡಿದ್ದು ನೆನಪಿರಲಿಲ್ಲ, ಬರೆಯುವಾಗಲೂ ನೆನಪಾಗಲಿಲ್ಲ. ಬಂದ್ ಮಾಡಿದೆ. ಹಿಂದಕ್ಕೆ ಬಂದು ಪಟ್ಟಿ ತೆರೆದೆ. ಸಾಲು ಬಂದು ಕೂತಿತ್ತು, ಎಂದೂ ಎಲ್ಲಿಗೂ ಹೋಗಿಲ್ಲವೆಂಬಂತೆ.

ಅವಳು ಹೊಸ ಹಂತ ಬರೆದಳು. ನಲವತ್ತೊಂದು ಇದ್ದದ್ದು ನಲವತ್ತೆರಡಾಯಿತು. ಇನ್ನು ಇಪ್ಪತ್ನಾಲ್ಕರಿಂದ ಮುಂದೆ ಹೋಗು ಎಂದಳು.

"ಮೊದಲಿಂದ."

"ಆಯಿ, ಇಪ್ಪತ್ತೆರಡ ಮಾಡಿಯಲ್ಲ?"

"ನಡುವ ಹಾಳಿ ಎಷ್ಟ ಸಲ ಬದಲಾತು? ಈಗಿನ ಹಾಳಿ ನಾ ಮಾಡಿಲ್ಲ."

ಮತ್ತೆ ಹುಕ್ಕೇರಿಗೆ ಹೋಗಿ ಯಂತ್ರ ಬರಿದು ಮಾಡಿಸಿಕೊಂಡು ಬಂದೆ. "ಸಂಬಂಧ ಮುರೀತೇನ್ರಿ ಅತ್ತಿ?" ಎಂದ. ಬಾಯಿ ಮುಚ್ಚು ಎಂದೆ.

ಎರಡನೆಯ ಸಲ ಕೈ ಚುರುಕಾಗಿತ್ತು. ಕರ್ನಲ್ ಕಟ್ಟುವ ಆಜ್ಞೆ ಕೊಟ್ಟದ್ದು ಒಂದು ಬೆಳಿಗ್ಗೆ. ಪರದೆಯ ಮೇಲೆ ಸಾಲುಗಳು ಇರುವೆಯಂತೆ ಹರಿದವು. ಡಬ್ಬಿ ತವೆಯಂತೆ ಕಾಯಿತು. ಬ್ಯಾಟರಿ ಮೊದಲೇ ಸತ್ತಿತ್ತು, ಹನ್ನೊಂದಕ್ಕೆ ಕರೆಂಟ್ ಹೋಯಿತು, ಎಲ್ಲ ಕಪ್ಪು. ಅಷ್ಟು ಹೊತ್ತಿನ ಕೆಲಸ ಮಣ್ಣಾಯಿತೆಂದು ತಿಳಿದೆ. ಕರೆಂಟ್ ಬಂದ ಮೇಲೆ ಅದೇ ಆಜ್ಞೆ ಮತ್ತೆ ಕೊಟ್ಟರೆ ಅದು ಬಿಟ್ಟಲ್ಲಿಂದ ಹಿಡಿದು ನಡೆಯಿತು. ಇದನ್ನು ಹಾಳೆಯಲ್ಲಿ ಬರೆದಿರಲಿಲ್ಲ. 'ಕರೆಂಟ್ ಹೋದರೆ ಅಂಜಬೇಡಿ, ಅದೇ ಸಾಲನ್ನು ಮತ್ತೆ ಹೊಡೆಯಿರಿ' ಎಂದು ಸೇರಿಸು ಎಂದರೆ 'ಅಲ್ಲಿ ಯಾರಿಗೂ ಕರೆಂಟ್ ಹೋಗೂದಿಲ್ಲ' ಎಂದಳು. ಕನ್ನಡ ಓದುವವರಿಗೆ ಹೋಗುತ್ತದೆ ಎಂದೆ. ಸೇರಿಸಿದಳು.

ತಿಂಗಳ ಕೊನೆಯ ದಿನ ಸಂಜೆ, ದೀಪ ಹಚ್ಚುವ ಮೊದಲು, ನಲವತ್ತೆರಡನೆಯ ಹಂತಕ್ಕೆ ಬಂದೆ. ಹೊಸ ಕರ್ನಲ್ಲಿನಿಂದ ಯಂತ್ರ ಎದ್ದಿತ್ತು. ರಸ್ಟಿನಲ್ಲಿ ಬರೆದ ಒಂದು ಸಣ್ಣ ಮಾದರಿ ಮಾಡ್ಯೂಲನ್ನು ಒಳಗೆ ಬಿಡಬೇಕು, ಅದು ಏನು ಹೇಳಿತೆಂದು ನೋಡಬೇಕು. ಬಿಟ್ಟೆ. ನೋಡಿದೆ. ಎರಡು ಸಾಲು. ನಾನು ರಸ್ಟಿನ ಸಣ್ಣ ಮಾದರಿ, ಶುರುವಾದೆ. ನಾನು ಕರ್ನಲ್ಲಿನ ಒಳಗೇ ಹುಟ್ಟಿದ್ದೇನೆಯೇ? ಇಲ್ಲ.

"ಇಷ್ಟನ?"

"ಇಷ್ಟ."

"ಇಷ್ಟಕ್ಕ ಇಷ್ಟೆಲ್ಲಾ?"

ಎರಡು ವಾರದಲ್ಲಿ ಮೊದಲ ಸಲ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಎರಡು ಸಾಲನ್ನು ಹಾಳೆಗೆ ಅಕ್ಷರಕ್ಕೆ ಅಕ್ಷರ ಹಚ್ಚಿ ನೋಡಿದೆ. ಆಮೇಲೆ ಕೊನೆಯ ಗೀಟು ಎಳೆದೆ.

ಮರುದಿನ ಒಂದನೆಯ ತಾರೀಖು. ಮೊಮ್ಮಗಳು ಸ್ನಾನ ಮಾಡಿ, ಬುತ್ತಿ ಕಟ್ಟಿಕೊಂಡು, ಮೂಡಲಗಿಗೆ ಹೋಗುವ ಸೀರೆ ಉಟ್ಟು ನಿಂತಿದ್ದಳು. ಬಸ್ಸು ಎಂಟೂವರೆಗೆ. ಮೊದಲ ದಿನವೇ ತಡವಾಗಬಾರದೆಂದು ಅವರಪ್ಪ ಎರಡು ಸಲ ಹೇಳಿ ಹೊಲಕ್ಕೆ ಹೋಗಿದ್ದ. ಎಂಟು ಗಂಟೆಗೆ ಅವಳು ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು. ಹಿರಿಯರಿಗೆ ಪತ್ರ ಬರೆದು ಮುಗಿಸಿದ್ದಳು, ಪುಟ ಲಗತ್ತಿಸಿದ್ದಳು. ಕೆಳಗೆ ಪರೀಕ್ಷಿಸಿದವರು ಎನ್ನುವ ಸಾಲಿನ ಮುಂದೆ ಖಾಲಿ.

"ಹಾಕ ನನ್ನ ಹೆಸರ. ಈಗ ಹಾಕಬಹುದು."

"ನಾ ಹಾಕೂದಿಲ್ಲ. ನೀನ ಹೊಡಿ."

"ನಿನಗ ಬಸ್ಸ ಐತಿ. ನನ್ನ ಕೈ ಸಾವಕಾಶ."

"ಗೊತ್ತೈತಿ."

ರಟ್ಟು ಹುಡುಕಿ ತಂದು ಕೂತೆ. ನನ್ನ ಹೆಸರಿಗೆ ಇಂಗ್ಲಿಷಿನಲ್ಲಿ ಇಷ್ಟು ಅಕ್ಷರ ಬೇಕೆಂದು ನನಗೆ ಗೊತ್ತಿರಲಿಲ್ಲ. ಒಂದು ಹೊಡೆದು ರಟ್ಟು ನೋಡಿ ಇನ್ನೊಂದು ಹುಡುಕಿದೆ. ಅವಳು ನನ್ನ ಬಾಜೂ ನೆಲದ ಮೇಲೆ ಕೂತು, ಬುತ್ತಿಯ ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಪರದೆ ನೋಡುತ್ತಿದ್ದಳು. ಹೇಳಿಕೊಡಲಿಲ್ಲ. ಮನೆತನದ ಹೆಸರಿಗೆ ಬರುವಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಕೇಳಿತು.

"ಬಸ್ಸ ಬಂತು ನೋಡು."

"ಬರಲಿ. ನೀ ಪೂರ್ತಿ ಬರಿ."

ಬಸ್ಸು ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಗೇರು ಹಾಕಿದ ಸಪ್ಪಳವೂ ಬಂತು, ಮೂಡಲಗಿಯ ಕಡೆಗೆ ಹೋಯಿತು. ಅವಳು ಏಳಲಿಲ್ಲ. ನಾನು ಮುಂದಿನ ಅಕ್ಷರ ಹುಡುಕಿದೆ.